ಡೇಟಾ ದುಬಾರಿಯಾದರೆ ಪೈರಸಿ ನಿಲ್ಲುತ್ತದೆಯೇ?

ಪ್ರಶ್ನೆ: ಸಿನಿಮಾ ಬಿಡುಗಡೆಯಾದ ಸಂಜೆಗೇ ಟೆಲಿಗ್ರಾಂನಲ್ಲಿ ಸಿಗುತ್ತೆ. ಡೇಟಾ ಅಗ್ಗವಾಗಿರೋದೇ ಇದಕ್ಕೆ ಕಾರಣ. ಅನ್‌ಲಿಮಿಟೆಡ್ ತೆಗೆದು ಜಿಬಿಗೆ ಹತ್ತು ರೂಪಾಯಿ ಹಾಕಿದರೆ ಪೈರಸಿ ತಾನಾಗಿ ನಿಲ್ಲಲ್ವೇ? (ತಿಪಟೂರಿನ ಓದುಗರು. ಗುಬ್ಬಿ, ಕುಣಿಗಲ್‌ನಿಂದಲೂ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ.)

ಉತ್ತರ: ನಿಲ್ಲುವುದಿಲ್ಲ. ಹೆಚ್ಚುತ್ತದೆ. ಕೇಳುವ ಮೊದಲು ಯಾರೂ ಲೆಕ್ಕ ಮಾಡಿ ನೋಡುವುದಿಲ್ಲ, ಅದೇ ಬೇಸರ.

ಚಂದಾ ಕಟ್ಟಿದ ಆ್ಯಪ್‌ನಲ್ಲಿ ಎಚ್‌ಡಿ ಗುಣಮಟ್ಟ ಗಂಟೆಗೆ 3 ಜಿಬಿವರೆಗೆ ತಿನ್ನುತ್ತದೆ. ಎರಡೂವರೆ ಗಂಟೆಯ ಸಿನಿಮಾಕ್ಕೆ 7.5 ಜಿಬಿ. ಅದನ್ನೇ ಕದ್ದವರು ಹಿಂಡಿ 1.2 ಜಿಬಿ ಫೈಲಿಗೆ ಇಳಿಸುತ್ತಾರೆ. ನೀವು ಹೇಳುವ ದರದಲ್ಲಿ ಪ್ರಾಮಾಣಿಕನಿಗೆ ಚಂದಾ ಜೊತೆಗೆ 75 ರೂಪಾಯಿ, ಕದ್ದವನಿಗೆ 12 ರೂಪಾಯಿ. ಅವನು ಅದನ್ನು ಪೆನ್‌ಡ್ರೈವ್‌ಗೆ ಹಾಕಿ ಒಂಬತ್ತು ಜನಕ್ಕೆ ಕೊಟ್ಟರೆ ತಲೆಗೆ 1 ರೂಪಾಯಿ 20 ಪೈಸೆ. ತೂಕದ ಮೇಲೆ ಟೋಲ್ ಹಾಕಿದರೆ ಮಂಡಿಗೆ ಹೋಗುವ ಕೊಬ್ಬರಿ ಲಾರಿ ಕಟ್ಟುತ್ತದೆ, ಚೀಲ ಹೊತ್ತ ಕಳ್ಳ ತೋಟದ ಬದುವಿನ ಮೇಲೆ ನಡೆದು ಹೋಗುತ್ತಾನೆ.

ಡೇಟಾ ದುಬಾರಿಯಾಗಿದ್ದ ಕಾಲವನ್ನೂ ನೋಡಿದ್ದೇವಲ್ಲ. 2016ರ ಸೆಪ್ಟೆಂಬರ್‌ಗೆ ಮೊದಲು ಒಂದು ಜಿಬಿಗೆ ಸುಮಾರು 250 ರೂಪಾಯಿ ಇತ್ತು. ಆಗ ಪೈರಸಿ ಇರಲಿಲ್ಲವೇ? ಬಸ್ ಸ್ಟ್ಯಾಂಡ್ ಬಳಿಯ ಮೊಬೈಲ್ ಅಂಗಡಿಗಳಲ್ಲಿ ಮೆಮೊರಿ ಕಾರ್ಡಿಗೆ ಸಿನಿಮಾ, ಹಾಡು ತುಂಬಿಸಿಕೊಡುತ್ತಿದ್ದರು. ಒಬ್ಬ ಇಳಿಸಿಕೊಂಡರೆ ಊರೆಲ್ಲ ನೋಡುತ್ತಿತ್ತು.

ಮಿತಿ ಇಳಿಸಿದರೂ ಇದೇ ಗತಿ. ಮನೆಯ ಫೈಬರ್ ಪ್ಲಾನ್‌ಗಳಲ್ಲಿ ತಿಂಗಳಿಗೆ 3300 ಜಿಬಿ ಮಿತಿ ಸಾಮಾನ್ಯ, ಅಂದರೆ 440 ಎಚ್‌ಡಿ ಸಿನಿಮಾ. ಅದು ಯಾರಿಗೂ ತಟ್ಟುವುದಿಲ್ಲ. 100 ಜಿಬಿಗೆ ಇಳಿಸಿದರೆ ಚಂದಾದಾರನಿಗೆ 13 ಸಿನಿಮಾ ಸಿಗುತ್ತದೆ, ಕದ್ದವನಿಗೆ 83. ಮೊಬೈಲ್‌ನಲ್ಲಿ ಇದು ಈಗಲೇ ನಡೆಯುತ್ತಿದೆ: ದಿನಕ್ಕೆ 1.5 ಜಿಬಿ ಪ್ಯಾಕಿನಲ್ಲಿ ಎಚ್‌ಡಿ ಸಿನಿಮಾ ಅರ್ಧ ಗಂಟೆಗೇ ನಿಲ್ಲುತ್ತದೆ, 400 ಎಂಬಿಯ ಕಳ್ಳಪ್ರತಿ ಮಾತ್ರ ಪೂರ್ತಿ ಓಡುತ್ತದೆ.

ಅಪ್‌ಲೋಡ್‌ಗೆ ಮಾತ್ರ ದರ ಹಾಕಿ ಎನ್ನುವವರೂ ಇದ್ದಾರೆ. ಟೊರೆಂಟ್ ಕಾಲದಲ್ಲಾದರೆ ಅದಕ್ಕೆ ಅರ್ಥವಿತ್ತು, ಅಲ್ಲಿ ಇಳಿಸಿಕೊಳ್ಳುವವನೇ ಹಂಚುವವನೂ ಆಗಿದ್ದ. ಟೆಲಿಗ್ರಾಂನಲ್ಲಿ ಫಾರ್ವರ್ಡ್ ಒತ್ತಿದರೆ ಫೋನಿನಿಂದ ಫೈಲು ಮತ್ತೆ ಮೇಲೆ ಹೋಗುವುದೇ ಇಲ್ಲ, ಅದು ಸರ್ವರ್‌ನಲ್ಲೇ ಇರುತ್ತದೆ. ಏಟು ಬೀಳುವುದು ಅಂಗಡಿಯವರಿಗೆ. ಕ್ಲೌಡ್‌ಗೆ ಸದಾ ಕಳಿಸುವ 1 ಎಂಬಿಪಿಎಸ್‌ನ ಒಂದೇ ಸಿಸಿಟಿವಿ ಕ್ಯಾಮೆರಾ ದಿನಕ್ಕೆ 10.8 ಜಿಬಿ ಅಪ್‌ಲೋಡ್ ಮಾಡುತ್ತದೆ. ಮದುವೆ ವಿಡಿಯೊ ಕಳಿಸುವ ಸ್ಟುಡಿಯೊಗಳ ಪಾಡು ಬೇರೆ.

ಇನ್ನು, ಕಳ್ಳ ಸೈಟಿನ ಡೇಟಾಗೆ ಹೆಚ್ಚು, ಅಸಲಿ ಆ್ಯಪ್‌ಗೆ ಉಚಿತ ಎಂಬ ಸಲಹೆ. ಎಲ್ಲ ಗೂಢಲಿಪಿಯಲ್ಲಿ ಹರಿಯುವಾಗ ಕಂಪನಿಗೆ ಹೆಚ್ಚೆಂದರೆ ಸೈಟಿನ ಹೆಸರು ಕಾಣುತ್ತದೆ, ಒಳಗಿನ ಸಿನಿಮಾ ಕಾಣುವುದಿಲ್ಲ. ಸಂಪರ್ಕವನ್ನು ಬೇರೆ ಸರ್ವರ್ ಮೂಲಕ ಹಾಯಿಸಿ ಮರೆಮಾಡುವ ವಿಪಿಎನ್ ಹಾಕಿದರೆ ಹೆಸರೂ ಇಲ್ಲ. ಅದು ಹಾಗಿರಲಿ, ವಿಷಯ ನೋಡಿ ಡೇಟಾ ದರ ಬದಲಿಸುವುದನ್ನು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2016ರ ಫೆಬ್ರವರಿ 8ರಂದೇ ನಿಷೇಧಿಸಿದೆ. ತಪ್ಪಿದರೆ ದಿನಕ್ಕೆ 50,000, ಗರಿಷ್ಠ 50 ಲಕ್ಷ ರೂಪಾಯಿ ದಂಡ.

ದರದಿಂದ ಆಗುವ ಕೆಲಸ ಒಂದಿದೆ: ಡೇಟಾ ದರ ಮುಟ್ಟದೆ, ಪ್ಲಾನ್ ಜೊತೆಗೇ ಚಂದಾ ಸೇರಿಸಿ ಕೊಡುವುದು. ಅದಕ್ಕೆ ಅಡ್ಡಿಯಿಲ್ಲ. 2021ರ ಡಿಸೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್ ಇಲ್ಲಿ ಮೊಬೈಲ್ ಪ್ಲಾನನ್ನು 199ರಿಂದ 149ಕ್ಕೆ, ಬೇಸಿಕ್ ಅನ್ನು 499ರಿಂದ 199ಕ್ಕೆ ಇಳಿಸಿದ್ದು ಜಿಬಿ ಎಣಿಸಿ ಅಲ್ಲ, ಜನರ ಜೇಬು ನೋಡಿ. ಆದರೆ ಪ್ಲಾನ್ ಕೊಳ್ಳುವಾಗ ಕಣ್ಣು ಬಿಟ್ಟು ನೋಡಿ. ಜೊತೆಗೆ ಬರುವುದು ಮೊಬೈಲ್ ಚಂದಾ ಆಗಿದ್ದರೆ ಟಿವಿಯಲ್ಲಿ ಓಡುವುದಿಲ್ಲ. ಮೋಸ ಹೋದೆ ಎಂದು ಜನ ಕಳ್ಳ ಆ್ಯಪ್ ಹುಡುಕುವುದು ಅಲ್ಲಿಂದಲೇ ಶುರು. 499 ಎಂದು ಬರೆದಿದ್ದರೆ ಶೇ. 18 ಜಿಎಸ್‌ಟಿ ಸೇರಿ 588.82 ಕಟ್ಟಬೇಕು. ಎಷ್ಟು ಸಾಧನಕ್ಕೆ, ಎಷ್ಟು ತಿಂಗಳಿಗೆ ಎಂದು ಕೇಳಿ ಬರೆಸಿಕೊಳ್ಳಿ. ಮೊಬೈಲ್ ಡೇಟಾ ಮಾತ್ರ ಇರುವವರು ಆ್ಯಪ್ ಸೆಟ್ಟಿಂಗ್‌ನಲ್ಲಿ ಅತಿ ಕಡಿಮೆ ಗುಣಮಟ್ಟ ಆರಿಸಿ. ಗಂಟೆಗೆ ಸುಮಾರು 0.3 ಜಿಬಿ ಸಾಕು, ಇಡೀ ಸಿನಿಮಾ 1.5 ಜಿಬಿಯೊಳಗೆ ಮುಗಿಯುತ್ತದೆ. ಆರಿಂಚಿನ ಪರದೆಯಲ್ಲಿ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ.

ಯಾವ ಒಟಿಟಿಗೂ ಮಾರಾಟವಾಗದ ಕನ್ನಡ ಸಿನಿಮಾಗಳ ಕಥೆ ಬೇರೆ. ಕೊಳ್ಳಲು ಸಿಗದ ವಸ್ತುವಿಗೆ ಡೇಟಾ ದರ ಏನು ಮಾಡೀತು?

ಪ್ರಶ್ನೆ: ಪ್ರತಿ ಕನೆಕ್ಷನ್ ಮೇಲೆ ಹತ್ತು ರೂಪಾಯಿ ಸೆಸ್ ಹಾಕಿ ನಿರ್ಮಾಪಕರಿಗೆ ಹಂಚಿದರೆ? (ಶಿರಾ)

ಉತ್ತರ: ಯುರೋಪಿನಲ್ಲಿ ಖಾಲಿ ಕ್ಯಾಸೆಟ್, ಡಿಸ್ಕ್ ಮೇಲೆ ಇಂಥ ಶುಲ್ಕವಿದೆ. ಕದ್ದ ಮೂಲದ ಪ್ರತಿಯನ್ನೂ ಲೆಕ್ಕ ಹಿಡಿದು ಅದನ್ನು ವಸೂಲಿ ಮಾಡುವಂತಿಲ್ಲ ಎಂದು ಅಲ್ಲಿನ ನ್ಯಾಯಾಲಯವೇ 2014ರಲ್ಲಿ ಹೇಳಿತು. ಸಿನಿಮಾ ನೋಡದ ಅಜ್ಜಿ ಯಾಕೆ ಕಟ್ಟಬೇಕು?

ಪ್ರಶ್ನೆ: ನಾನು ಗ್ರೂಪಿಗೆ ಫಾರ್ವರ್ಡ್ ಮಾತ್ರ ಮಾಡ್ತೀನಿ, ತಪ್ಪೇ? (ಮಧುಗಿರಿ)

ಉತ್ತರ: ಗೊತ್ತಿದ್ದೇ ಹಂಚಿದರೆ ತಪ್ಪು. 1957ರ ಹಕ್ಕುಸ್ವಾಮ್ಯ ಕಾಯ್ದೆ, ಕಲಂ 63: ಆರು ತಿಂಗಳಿಂದ ಮೂರು ವರ್ಷ ಜೈಲು, 50,000ದಿಂದ 2 ಲಕ್ಷ ದಂಡ.

ಪ್ರಶ್ನೆ: ಎಲ್ಲ ಚಾನೆಲ್, ಎಲ್ಲ ಒಟಿಟಿ, ಲೈಫ್‌ಟೈಮ್ ಎಂದು ಆಂಡ್ರಾಯ್ಡ್ ಬಾಕ್ಸ್ ಮಾರುತ್ತಿದ್ದಾರೆ. ತಗೊಳ್ಳಬಹುದಾ? (ಪಾವಗಡ)

ಉತ್ತರ: ಯಾರ ಲೈಫ್‌ಟೈಮ್? ಇಂಥ ಬಾಕ್ಸ್‌ಗಳಲ್ಲಿ ಎಷ್ಟೋ ಕುತಂತ್ರಾಂಶ ಹೊತ್ತೇ ಬರುತ್ತವೆ, ನಿಮಗೆ ತಿಳಿಯದೆ ನಿಮ್ಮ ಕನೆಕ್ಷನನ್ನು ಬೇರೆಯವರಿಗೆ ಬಾಡಿಗೆಗೆ ಬಿಡುತ್ತವೆ. ಅವರು ಏನೇ ಮಾಡಿದರೂ ಪೊಲೀಸರಿಗೆ ಸಿಗುವ ಐಪಿ ವಿಳಾಸ ನಿಮ್ಮದು. ಈಗಾಗಲೇ ತಂದಿದ್ದರೆ ವೈಫೈ ಪಾಸ್‌ವರ್ಡ್ ಬದಲಿಸಿ, ಬಾಕ್ಸನ್ನು ಮತ್ತೆ ಜೋಡಿಸಬೇಡಿ.