ಕಿಡ್ನಿ ಉಳಿಯಲಿ ಎಂದು ಮಾತ್ರೆ ಬಿಟ್ಟವರು

(ಗುರುತು ಸಿಗುವ ವಿವರಗಳನ್ನು ಬದಲಿಸಿದೆ.)

ಮಂಡ್ಯ ಕಡೆಯ ರೈತರು, ಐವತ್ತು ದಾಟಿದೆ. ಸಕ್ಕರೆ ಕಾಯಿಲೆ ಬಂದು ಹತ್ತು ವರ್ಷದ ಮೇಲಾಯಿತು. ಒತ್ತಾಯ ಮಾಡಿ ನನ್ನ ಹತ್ತಿರ ಸಲಹೆಗೆ ಕರೆತಂದವರು ಹೆಂಡತಿ. ಶುಗರ್, ಬಿಪಿ ಎರಡರ ಮಾತ್ರೆಯನ್ನೂ ಇವರು ನಿಲ್ಲಿಸಿಬಿಟ್ಟಿದ್ದರು.

“ನಮ್ಮಣ್ಣನೂ ಮಾತ್ರೆ ನುಂಗಿ ನುಂಗೀನೇ ಕಿಡ್ನಿ ಕಳ್ಕೊಂಡ ಮೇಡಂ. ಈಗ ಡಯಾಲಿಸಿಸ್‌ಗೆ ಅಲೀತಾವ್ನೆ.”

ಈ ಭಯ ನಾನು ದಿನವೂ ಕೇಳುವಂಥದ್ದು, ಗದರಿದರೆ ಹೋಗುವುದಿಲ್ಲ. ಅಣ್ಣ ಮಾತ್ರೆ ಹೇಗೆ ತೆಗೆದುಕೊಳ್ಳುತ್ತಿದ್ದರು ಎಂದು ಕೇಳಿದೆ. “ಸುಸ್ತಾದಾಗ ಮಾತ್ರ” ಎಂದರು ಹೆಂಡತಿ. ಅಂದರೆ ಅಣ್ಣ ಮಾತ್ರೆಯನ್ನು ಸರಿಯಾಗಿ ತೆಗೆದುಕೊಂಡೇ ಇರಲಿಲ್ಲ. ಈ ರೈತರ ಚೀಲ ತೆರೆಸಿದರೆ ಸಿಕ್ಕಿದ್ದು ಡೈಕ್ಲೋಫೆನಾಕ್ ಎಂಬ ನೋವಿನ ಮಾತ್ರೆಯ ಪಟ್ಟಿ. ಮಂಡಿನೋವಿಗೆ ಚೀಟಿಯಿಲ್ಲದೆ ತಂದು ದಿನಾ ನುಂಗುತ್ತಿದ್ದರು. ಕಿಡ್ನಿ ಕಾಯುವ ಮಾತ್ರೆ ಬಿಟ್ಟು, ಕಿಡ್ನಿಗೆ ಪೆಟ್ಟು ಕೊಡುವುದನ್ನು ಹಿಡಿದಿದ್ದರು.

“ಕ್ರಿಯಾಟಿನಿನ್ ನಾರ್ಮಲ್ ಅದೆಯಲ್ಲ?” ಎಂದು ರಿಪೋರ್ಟ್ ತೋರಿಸಿದರು. ಕ್ರಿಯಾಟಿನಿನ್ ಎಂದರೆ ಕಿಡ್ನಿ ಸೋಸಿ ಹೊರಹಾಕಬೇಕಾದ, ರಕ್ತದಲ್ಲಿನ ಒಂದು ಕಸ. ಅದು ಏರುವ ಹೊತ್ತಿಗೆ ಕಿಡ್ನಿಯ ಶಕ್ತಿ ಸಾಕಷ್ಟು ಕುಂದಿರುತ್ತದೆ. ಹೆಚ್ಚಿದ ಸಕ್ಕರೆ, ರಕ್ತದೊತ್ತಡಗಳಿಂದ ಕಿಡ್ನಿಯ ಜರಡಿ ಹಾಳಾದಾಗ ಸಾಮಾನ್ಯವಾಗಿ ಮೊದಲು ಸೋರುವುದು ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್. ಇವರಿಗೆ ಆ ಪರೀಕ್ಷೆಯನ್ನು ಯಾರೂ ಮಾಡಿಸಿರಲಿಲ್ಲ. ಮಾಡಿಸಿದಾಗ ಅಲ್ಬುಮಿನ್-ಕ್ರಿಯಾಟಿನಿನ್ ಅನುಪಾತ 140 ಬಂತು, 30ರ ಒಳಗಿರಬೇಕು. ಬಿಪಿ 156/94, ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 8.9. ಈ ಹಂತದಲ್ಲಿ ಹಿಡಿದರೆ ಕಿಡ್ನಿಯನ್ನು ಬಹುಕಾಲ ಕಾಪಾಡಿಕೊಳ್ಳಬಹುದು ಎಂದು ಒತ್ತಿ ಹೇಳಿದೆ.

ವೈದ್ಯರು ಶುಗರ್ ಮಾತ್ರೆ ಮತ್ತೆ ಶುರು ಮಾಡಿಸಿ, ಬಿಪಿಗೆ ಟೆಲ್ಮಿಸಾರ್ಟಾನ್ ಬರೆದರು. ಅದು ಬಿಪಿ ಇಳಿಸುವುದಲ್ಲದೆ ಅಲ್ಬುಮಿನ್ ಸೋರಿಕೆಯನ್ನೂ ತಗ್ಗಿಸುತ್ತದೆ. ಎರಡು ವಾರದೊಳಗೆ ಪೊಟ್ಯಾಸಿಯಂ, ಕ್ರಿಯಾಟಿನಿನ್ ನೋಡಿಸಲೇಬೇಕು ಎಂದೆ. ಬಿಪಿ 130/80ರ ಒಳಗೆ, ಎಚ್‌ಬಿಎ1ಸಿ 7ರ ಆಸುಪಾಸು, ಇದು ಇವರ ಗುರಿ. ಬೀಡಿ ಪೂರ್ತಿ ನಿಲ್ಲಬೇಕು. ಮಂಡಿಗೆ ವ್ಯಾಯಾಮ, ನೋವು ಹೆಚ್ಚಿದರೆ ವೈದ್ಯರು ಹೇಳಿದಷ್ಟೇ ಪ್ಯಾರಸಿಟಮಾಲ್.

ಹೆಚ್ಚು ಮಾತಾಡಿದ್ದು ಅಡುಗೆಯ ಬಗ್ಗೆ. ಮುದ್ದೆ ಬಿಡಬೇಕಿಲ್ಲ, ಅಳತೆಯಲ್ಲಿರಲಿ. ಉಪ್ಪೆಸರಿನಲ್ಲಿ ಕಟ್ಟಿಗೂ ಉಪ್ಪು, ಖಾರಕ್ಕೂ ಉಪ್ಪು, ಪಕ್ಕದಲ್ಲಿ ಉಪ್ಪಿನಕಾಯಿ. ಒಬ್ಬರಿಗೆ ದಿನಕ್ಕೆ ಎಲ್ಲ ಸೇರಿ ಒಂದು ಟೀ ಚಮಚದೊಳಗೆ, ಅಂದರೆ 5 ಗ್ರಾಂ ದಾಟಬಾರದು. ಖಾರಕ್ಕೆ ಉಪ್ಪು ತಗ್ಗಿಸಿ, ಹುಣಸೆ, ಬೆಳ್ಳುಳ್ಳಿ ಮುಂದೆ ಮಾಡಿ ಎಂದೆ. ‘ಕಡಿಮೆ ಸೋಡಿಯಂ’ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ, ಟೆಲ್ಮಿಸಾರ್ಟಾನ್ ಕೂಡ ರಕ್ತದಲ್ಲಿ ಪೊಟ್ಯಾಸಿಯಂ ಏರಿಸಬಹುದು, ಹಾಗಾಗಿ ಅದರ ಜೊತೆ ಕೇಳದೆ ಬಳಸಬಾರದು.

ವಾಂತಿ-ಭೇದಿಯಾದ ದಿನ ಮಾತ್ರೆ ನುಂಗುವುದೋ ಬಿಡುವುದೋ ಎಂದು ತಾವೇ ತೀರ್ಮಾನಿಸದೆ ಫೋನ್ ಮಾಡಲು ಹೇಳಿದ್ದೇನೆ. ಈಗ ಬಿಪಿ 132/80. ಮೂತ್ರದ ಮರುಪರೀಕ್ಷೆ ಮುಂದಿನ ತಿಂಗಳಿದೆ.