ಕಾಂಕ್ ಹಳ್ಳಿಯ ಕದ್ದ ಸಂತಳು: ಓದುಗರಿಗೆ ಸಂಪಾದಕರ ಉತ್ತರ

ದಾವಣಗೆರೆಯಿಂದ ಪತ್ರ ಬರೆದ ಓದುಗರಿಗೆ ನಮಸ್ಕಾರ. ಹೋದ ಸಂಚಿಕೇಲಿ ನಾವು ಬರೆದ ದಕ್ಷಿಣ ಫ್ರಾನ್ಸ್‌ನ ಕಾಂಕ್ ಹಳ್ಳಿ ಬಗ್ಗೆ ನಿಮ್ಮ ಪ್ರಶ್ನೆ ನೇರವಾಗಿದೆ: "ಬೇರೆ ಊರಿನ ಸಂತಳ ಮೂಳೆ ಕದ್ದು ತಂದು ಉದ್ಧಾರ ಆದ ಊರನ್ನ ಯಾಕೆ ಹೊಗಳ್ತೀರಿ?"

ಕದ್ದಿದ್ದು ನಿಜ ಸರ್. ರೋಮನ್ನರ ಕಾಲದಲ್ಲಿ ಧರ್ಮಕ್ಕಾಗಿ ಪ್ರಾಣ ಬಿಟ್ಟ ಸ್ಯಾಂತ್ ಫ್ವಾ ಅನ್ನೋ ಹುಡುಗಿಯ ಅಸ್ಥಿ ಆಜಾನ್ ಊರಲ್ಲಿತ್ತು, ಕಾಂಕ್ ಮಠದ ಒಬ್ಬ ಸನ್ಯಾಸಿ ಅಲ್ಲಿಗೆ ಹೋಗಿ ಹತ್ತು ವರ್ಷ ಸೇವೆ ಮಾಡಿ ಎಲ್ಲರ ನಂಬಿಕೆ ಗಳಿಸಿ ಸಮಾಧಿಗೇ ಕಾವಲುಗಾರನಾಗಿ 866ರ ಹೊತ್ತಿಗೆ ಅಸ್ಥಿ ಎತ್ಕೊಂಡು ಬಂದ ಅಂತ ಮಠದ ಕಡೆಯವರೇ ಬರೆದಿಟ್ಟಿದ್ದಾರೆ. ಉಂಡ ಮನೆಗೆ ಎರಡು ಬಗೆಯೋದು ಅಂದ್ರೆ ಇದೇ, ನಾನು ಸಮರ್ಥಿಸಲ್ಲ. ಆದ್ರೆ ಆ ಕಾಲದ ಮಠಗಳಿಗೆ ಅಸ್ಥಿ ಇದ್ರೆ ಯಾತ್ರಿಕರು, ಯಾತ್ರಿಕರಿದ್ರೆ ಕಾಣಿಕೆ. ಮರದ ಮೇಲೆ ಚಿನ್ನದ ತಗಡು ಹೊದಿಸಿ, ಮೈತುಂಬಾ ಹರಳು ಕೂರಿಸಿದ ಅವಳ ಮೂರ್ತೀನ 1013ರಲ್ಲಿ ನೋಡಿದ ಬೆರ್ನಾರ್ ಅನ್ನೋ ಪಂಡಿತ ಮೊದಲು ಇದು ವಿಗ್ರಹಾರಾಧನೆ ಅಂತ ಮೂಗು ಮುರಿದ, ಆಮೇಲೆ ತಾನೇ ಭಕ್ತನಾಗಿ ಅವಳ ಪವಾಡಗಳನ್ನ ಬರೀತಾ ಕೂತ!

ಈಗ ಚರ್ಚ್ ಬಾಗಿಲ ಮೇಲಿನ ಅರ್ಧಚಂದ್ರಾಕಾರದ ಕಲ್ಲನ್ನ ನೋಡಿ. 12ನೇ ಶತಮಾನದ್ದು, ಲೋಕದ ಕೊನೆಗೆ ದೇವರು ಎಲ್ಲರ ಪಾಪ ಪುಣ್ಯ ಅಳೆಯೋ ಅಂತಿಮ ತೀರ್ಪಿನ ದೃಶ್ಯ, ಬಣ್ಣದ ಗುರುತು ಇನ್ನೂ ಇದೆ. ನರಕದಲ್ಲಿ ಜಿಪುಣನನ್ನ ಕೊರಳಿಗೆ ದುಡ್ಡಿನ ಚೀಲ ಕಟ್ಟಿ ನೇತುಹಾಕಿದ್ದಾರೆ, ಅದಕ್ಕಿಂತ ಮುಖ್ಯವಾಗಿ ಧರ್ಮದಂಡ ಹಿಡಿದ ಮಠಾಧಿಪತಿಗಳ ಥರದವರೂ ದೆವ್ವದ ಬಲೆಗೆ ಬಿದ್ದಿದ್ದಾರೆ! ತಮ್ಮವರನ್ನೂ ಬಿಡದೆ ಕಲ್ಲಲ್ಲಿ ನಿಲ್ಲಿಸಿದ್ದಾರಲ್ಲ, ಅದಕ್ಕೆ ನನಗೆ ತುಂಬಾ ಗೌರವ. ಇನ್ನೊಂದು ಕಡೆ ಫ್ವಾ ಮೊಣಕಾಲೂರಿ ಬಾಗಿದ್ದಾಳೆ, ಮೋಡದಿಂದ ದೇವರ ಕೈ ಅವಳ ತಲೆ ಕಡೆ ಚಾಚಿದೆ, ಹಿಂದೆ ಕೈದಿಗಳ ಬೇಡಿಗಳು ನೇತಾಡ್ತಿವೆ, ಯಾಕಂದ್ರೆ ಸೆರೆಯಲ್ಲಿದ್ದವರನ್ನ ಬಿಡಿಸ್ತಾಳೆ ಅನ್ನೋ ನಂಬಿಕೆ. ಬಿಡುಗಡೆಯಾದೋರು ಬೇಡಿ ತಂದು ಇಲ್ಲೇ ಒಪ್ಪಿಸ್ತಿದ್ರಂತೆ.

ಆಮೇಲೆ ಊರು ಸೊರಗಿತು, ಚರ್ಚ್ ಬೀಳೋ ಸ್ಥಿತಿಗೆ ಬಂತು, 1837ರಲ್ಲಿ ಸ್ಮಾರಕಗಳ ಇನ್ಸ್‌ಪೆಕ್ಟರ್ ಆಗಿದ್ದ ಮೆರಿಮೆ ಬಂದು ನೋಡಿದ ಮೇಲೇ ರಿಪೇರಿಗೆ ದಾರಿ ಆಯ್ತು. ಆದ್ರೆ ನಾನು ಹೊಗಳಿದ್ದು ಮಠವನ್ನಲ್ಲ ಸರ್, ಹಳ್ಳಿ ಜನರನ್ನ. ಫ್ರೆಂಚ್ ಕ್ರಾಂತಿ ಟೈಮಲ್ಲಿ ದೇಶದ ಎಷ್ಟೋ ಚರ್ಚ್‌ಗಳ ಚಿನ್ನ ಬೆಳ್ಳಿ ಕರಗಿ ಹೋಯ್ತು, ಇಲ್ಲಿನವರು ಮಾತ್ರ ಮೂರ್ತಿ, ಪೆಟ್ಟಿಗೆ ಎಲ್ಲಾ ಬಚ್ಚಿಟ್ಟು ಕಾಪಾಡಿ, ಗಲಾಟೆ ತಣ್ಣಗಾದ ಮೇಲೆ ವಾಪಸ್ ತಂದುಕೊಟ್ರು, ಅದಕ್ಕೇ ಆ ಮೂರ್ತಿ ಇವತ್ತೂ ಕಾಂಕ್‌ನಲ್ಲೇ ಇದೆ.