ಹೆಕ್ಟೇರ್ ಬಿಡಿ, ಕಪ್ಪೆ ಎಣಿಸಿ

ನಮಸ್ಕಾರ.

ನೀವು ಕಳಿಸಿದ ಅಭಯಾರಣ್ಯಗಳ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಅದನ್ನು ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಹಾಗಂತ ವಾಪಸ್ ಕಳಿಸಿ ಸುಮ್ಮನಾಗಲು ಮನಸ್ಸು ಬರಲಿಲ್ಲ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ.

ನಿಮ್ಮ ವಾದ ಇಷ್ಟು: ಒಂದು ಪ್ರದೇಶ ಬಿಟ್ಟು ಬೇರೆಲ್ಲೂ ಸಿಗದ ಪ್ರಾಣಿಗಳು ಉಳಿಯಬೇಕಾದರೆ ಅಲ್ಲಿ ಅಭಯಾರಣ್ಯ ಮಾಡಬೇಕು. ಅದು ದೊಡ್ಡದಾದಷ್ಟೂ ಅವು ಕ್ಷೇಮ. ಇದಕ್ಕೆ ಸಾಕ್ಷಿಯಾಗಿ ಮೂರು ಪುಟ ಬರೀ ವಿಸ್ತೀರ್ಣ ಕೊಟ್ಟಿದ್ದೀರಿ. ಗಲಾಪಗೋಸ್ ದ್ವೀಪಗಳ ನೆಲದಲ್ಲಿ ಶೇ 97ರಷ್ಟು ರಾಷ್ಟ್ರೀಯ ಉದ್ಯಾನ. 2030ರೊಳಗೆ ನೆಲ, ಕಡಲು ಎರಡರಲ್ಲೂ ಶೇ 30ರಷ್ಟನ್ನು ಕಾಪಾಡಬೇಕೆಂದು 2022ರಲ್ಲಿ ದೇಶಗಳು ಒಪ್ಪಿಕೊಂಡಿವೆ. ಅಂಕಿಗಳೆಲ್ಲ ಸರಿ. ಆದರೆ ಆ ನೆಲದ ಮೇಲೆ ಯಾವ ಪ್ರಾಣಿ ಎಷ್ಟು ಉಳಿದಿದೆ, ಮರಿ ಮಾಡುತ್ತಿದೆಯಾ ಇಲ್ವಾ, ಒಂದು ಕಡೆಯೂ ಇಲ್ಲ. ನೆಲದ ಲೆಕ್ಕವನ್ನೇ ಜೀವದ ಲೆಕ್ಕ ಅಂದುಕೊಂಡಿದ್ದೀರಿ.

ನಾಲ್ಕನೇ ಪುಟದಲ್ಲಿ ಒಂದು ತಪ್ಪೂ ಇದೆ. 'ಕೋಸ್ಟರಿಕಾದ ಚಿನ್ನದ ನೆಲಗಪ್ಪೆ ಕಾಡು ಕಡಿದಿದ್ದರಿಂದ ಅಳಿಯಿತು' ಎಂದು ಬರೆದಿದ್ದೀರಿ. ಅದರ ಕಾಡನ್ನು ಯಾರೂ ಕಡಿದಿರಲಿಲ್ಲ. ಮೊಂಟೆವೆರ್ಡೆಯ ಮಂಜುಗಾಡಿನಲ್ಲಿ, ಬೆಟ್ಟದ ನೆತ್ತಿಯ ಕೆಲವೇ ಚದರ ಕಿಲೋಮೀಟರ್ ಜಾಗದಲ್ಲಿ ಅದು ಬದುಕಿತ್ತು. 1972ರಿಂದ ಆ ಜಾಗ ಮೀಸಲು ಕಾಡು. ವರ್ಷವಿಡೀ ಕಪ್ಪೆ ಕಾಣುತ್ತಿರಲಿಲ್ಲ. ಬೇಸಿಗೆ ಮುಗಿದು ಮಳೆ ಬಿದ್ದ ಕೆಲವು ವಾರ ಮಾತ್ರ, ಬೇರುಗಳ ನಡುವಿನ ಸಣ್ಣ ಹೊಂಡಗಳ ಸುತ್ತ ಕಿತ್ತಳೆ ಬಣ್ಣದ ಗಂಡುಗಳು ಗುಂಪುಗೂಡುತ್ತಿದ್ದವು. 1987ರಲ್ಲಿ 1,500ಕ್ಕೂ ಹೆಚ್ಚು ಕಂಡವು. ಆ ವರ್ಷ ಹೊಂಡಗಳು ಬೇಗ ಬತ್ತಿ ಮೊಟ್ಟೆಗಳು ಒಣಗಿಹೋದವು. ಮರುವರ್ಷ ಕಂಡದ್ದು ಹತ್ತರ ಆಸುಪಾಸು. 1989ರಲ್ಲಿ ಒಂದೇ ಒಂದು ಗಂಡು. ಆಮೇಲೆ ಯಾರಿಗೂ ಕಾಣಲಿಲ್ಲ. ಮಳೆ ಕೈಕೊಟ್ಟದ್ದು, ಚರ್ಮಕ್ಕೆ ಹತ್ತುವ ಶಿಲೀಂಧ್ರ ರೋಗ, ಇವೆರಡರ ಕಡೆಗೇ ವಿಜ್ಞಾನಿಗಳು ಬೊಟ್ಟು ಮಾಡುತ್ತಾರೆ. ಕಾಡು ಇವತ್ತಿಗೂ ಹಸಿರಾಗಿಯೇ ಇದೆ.

ಈ ಪ್ಯಾರಾ ಬರೆಯುವಾಗ ನನಗೇ ಹೊಟ್ಟೆ ಚುರ್ ಅಂತು. ನಿಮ್ಮ ಓದುಗರಿಗೂ ಹಾಗೆ ಆಗಬೇಕು. ಮೂರು ಪುಟದ ಹೆಕ್ಟೇರ್ ಓದಿದರೆ ಆಗುತ್ತಾ?

ಅಭಯಾರಣ್ಯ ಬೇಡ ಅಂತ ನಾನು ಹೇಳುತ್ತಿಲ್ಲ. ಗರಗಸ, ಬಂದೂಕು, ಗಣಿ ತಡೆಯಲು ಅದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಆದರೆ ರೋಗ, ಬರ, ಹೊರಗಿನಿಂದ ಬಂದ ಬೇಟೆಗಾರ ಪ್ರಾಣಿ, ಇವು ಗಡಿ ಕಲ್ಲು ನೋಡಿ ನಿಲ್ಲುವುದಿಲ್ಲ. ನಿಮ್ಮ ಗಲಾಪಗೋಸ್‌ನಲ್ಲೇ ಹೊರಗಿನಿಂದ ಬಂದ ಒಂದು ನೊಣದ ಹುಳುಗಳು ಫಿಂಚ್ ಎಂಬ ಪುಟ್ಟ ಹಕ್ಕಿಯ ಮರಿಗಳ ರಕ್ತ ಹೀರಿ ಗೂಡಿನಲ್ಲೇ ಸಾಯಿಸುತ್ತಿವೆ.

ನ್ಯೂಜಿಲೆಂಡಿನ ಕಾಕಪೊ ಗಿಣಿಯ ಕಥೆಯನ್ನು ಖಂಡಿತ ಸೇರಿಸಿ. ಇದಕ್ಕೆ ಹಾರಲು ಬರುವುದಿಲ್ಲ. ಅದು ಉಳಿದಿದ್ದ ಜಾಗಗಳಲ್ಲಿ ಒಂದಾದ ಫಿಯೋರ್ಡ್‌ಲ್ಯಾಂಡ್ 1952ರಿಂದ ರಾಷ್ಟ್ರೀಯ ಉದ್ಯಾನ. ಆದರೂ ಮನುಷ್ಯರು ತಂದುಬಿಟ್ಟ ಸ್ಟೋಟ್ ಎಂಬ, ಮುಂಗುಸಿಯಂತೆ ಕಾಣುವ ಪ್ರಾಣಿ ಒಳಗೇ ಇತ್ತು. 1970ರ ದಶಕದಲ್ಲಿ ಹುಡುಕಿದಾಗ ಅಲ್ಲಿ ಸಿಕ್ಕಿದ್ದೆಲ್ಲ ಗಂಡು ಗಿಣಿಗಳು. ಸ್ಟೀವರ್ಟ್ ದ್ವೀಪದಲ್ಲಿ ಹೆಣ್ಣುಗಳು ಉಳಿದಿದ್ದವು, ಆದರೆ ಅಲ್ಲಿ ಬೆಕ್ಕುಗಳು ತಿನ್ನುತ್ತಿದ್ದವು. ಕೊನೆಗೆ ಹಕ್ಕಿಗಳನ್ನು ಹಿಡಿದು, ಇಂಥ ಶತ್ರುಗಳಿಲ್ಲದ ಸಣ್ಣ ದ್ವೀಪಗಳಿಗೆ ಒಯ್ದರು. 1995ರಲ್ಲಿ ಇದ್ದದ್ದು 51. ಈಗ 200 ದಾಟಿವೆ. ಒಂದೊಂದಕ್ಕೂ ಹೆಸರಿದೆ, ಬೆನ್ನಿಗೆ ಪುಟ್ಟ ರೇಡಿಯೊ ಕಟ್ಟಿದ್ದಾರೆ, ಗೂಡಿನ ಪಕ್ಕ ರಾತ್ರಿಯೆಲ್ಲ ಜನ ಕಾದಿದ್ದಾರೆ. ಕಾಪಾಡುವುದು ಅಂದರೆ ಇಷ್ಟು ಕೆಲಸ.

ಇನ್ನೊಂದು ವಿಷಯ ನೀವು ಮುಟ್ಟಿಯೇ ಇಲ್ಲ. ಅಭಯಾರಣ್ಯಗಳು ಎಲ್ಲಿವೆ? ಪ್ರಪಂಚದಲ್ಲಿ ಜಾಸ್ತಿ ಕಡೆ ಅವು ಎತ್ತರದ, ಕಡಿದಾದ, ರಸ್ತೆಗೆ ದೂರವಾದ ಜಾಗಗಳಲ್ಲಿವೆ. ಬೇಸಾಯಕ್ಕೆ ಬಾರದ ನೆಲವನ್ನು ಬಿಟ್ಟುಕೊಡುವುದು ಸುಲಭ, ಅಲ್ವಾ? ಬೇರೆಲ್ಲೂ ಇಲ್ಲದ ಜೀವಿ ತಗ್ಗಿನ ಫಲವತ್ತಾದ ನೆಲದಲ್ಲಿದ್ದರೆ ಅದು ಗೆರೆಯ ಹೊರಗೇ ಉಳಿಯುತ್ತದೆ. ಸಿಂಗಳೀಕ ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲ. ತಮಿಳುನಾಡಿನ ವಾಲ್ಪಾರೈಯಲ್ಲಿ ಅದರ ಕೆಲವು ಗುಂಪುಗಳು ತೋಟಗಳ ನಡುವೆ ಉಳಿದ ಕಾಡಿನ ತುಂಡುಗಳಲ್ಲಿವೆ. ಆನಮಲೈ ಹುಲಿ ಮೀಸಲು ಪಕ್ಕದಲ್ಲೇ ಇದ್ದರೂ ಈ ತುಂಡುಗಳು ಅದರೊಳಗಿಲ್ಲ. ರಸ್ತೆಯಲ್ಲಿ ವಾಹನಕ್ಕೆ ಸಿಕ್ಕಿ ಸಾಯದಿರಲಿ ಎಂದು ಅವಕ್ಕೆ ಮರದಿಂದ ಮರಕ್ಕೆ ತೂಗುಸೇತುವೆ ಕಟ್ಟಿದ್ದಾರೆ.

ಪದದ ಬಗ್ಗೆ ಒಂದು ಮಾತು. ಲೇಖನದುದ್ದಕ್ಕೂ 'ಸ್ಥಳೀಯ ಪ್ರಾಣಿ' ಎಂದಿದ್ದೀರಿ. ಕಾಗೆಯೂ ಸ್ಥಳೀಯವೇ, ಆದರೆ ಅದು ಹತ್ತಾರು ದೇಶಗಳಲ್ಲಿದೆ. ನೀವು ಹೇಳಹೊರಟಿರುವುದು ಅಲ್ಲಿ ಸತ್ತರೆ ಪ್ರಪಂಚದಲ್ಲೇ ಸತ್ತಂತಾಗುವ ಜೀವಿಯ ಬಗ್ಗೆ. 'ಎಂಡೆಮಿಕ್' ಅಂತಲೇ ಬರೆಯಿರಿ, ಮೊದಲ ಸಲ ಅರ್ಥ ಹೇಳಿಬಿಡಿ. 'ಪ್ರಕೃತಿ ಮಾತೆಯ ಮಡಿಲು' ಎಂಬ ಮಾತು ಐದು ಕಡೆ ಬಂದಿದೆ. ಐದನ್ನೂ ತೆಗೆಯಿರಿ.

ಈಗ, ಲೇಖನ ವಾಪಸ್ ಕಳಿಸಲು ಮನಸ್ಸು ಬಾರದ ಕಾರಣ. ಕೊನೆಯ ಪುಟದಲ್ಲಿ ತೊರೆಯ ಪಕ್ಕದ ಬಂಡೆಯ ಸೀಳಿನಲ್ಲಿ ಉಗುರಿನಷ್ಟು ಕಪ್ಪೆ ಕಂಡದ್ದನ್ನು ಬರೆದಿದ್ದೀರಿ. ಟಾರ್ಚ್ ಬಿಟ್ಟಾಗ ಅದು ಹಾರಲಿಲ್ಲ, ಗಂಟಲು ಮಾತ್ರ ಮಿಡಿಯುತ್ತಿತ್ತು ಎಂದಿದ್ದೀರಿ. ಆ ನಾಲ್ಕು ಸಾಲು ಓದಿದಾಗ ನೀವು ನಿಜವಾಗಿ ಅಲ್ಲಿ ಕೂತಿದ್ದಿರಿ ಅಂತ ಗೊತ್ತಾಯಿತು. ಲೇಖನ ಅಲ್ಲಿಂದ ಶುರುವಾಗಲಿ. ಆ ತೊರೆ ಅಭಯಾರಣ್ಯದ ಒಳಗಿದೆಯಾ, ಹೊರಗಿದೆಯಾ? ಬೇಸಿಗೆಯಲ್ಲಿ ನೀರು ಇರುತ್ತಾ? ಮೇಲುಗಡೆ ಯಾರಾದರೂ ಔಷಧಿ ಹೊಡೆಯುತ್ತಾರಾ? ಹಿಂದೆ ಅಲ್ಲಿ ಯಾರಾದರೂ ಕಪ್ಪೆ ಎಣಿಸಿದ್ದಾರಾ?

ಮಳೆ ಹಿಡಿದ ಮೇಲೆ ನಾಲ್ಕೈದು ರಾತ್ರಿ ಹೋಗಿ ಕೂತು ಬನ್ನಿ. ಎಷ್ಟು ಕೂಗಿದವು, ಎಷ್ಟು ಕಂಡವು, ದಿನಾಂಕದ ಜೊತೆ ಬರೆದಿಡಿ. ಒಂದೂ ಕಾಣದಿದ್ದರೆ ಅದನ್ನೂ ಬರೆಯಿರಿ. ಎಂಟುನೂರು ಪದ ಸಾಕು. ನೇರವಾಗಿ ನನಗೇ ಕಳಿಸಿ, ಬಂದ ವಾರವೇ ಓದುತ್ತೇನೆ.